ಪದಚರ್ಚೆ: ಟೈರಿಗೆ ಚೈನು ‘ಸುತ್ತುವುದೋ’ ‘ಕಟ್ಟುವುದೋ’? ‘ಮಂಜು’ ಅಂದರೆ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪುಟದ ಸೂಚನೆ ಬರೆಯಲು ಕೂತು ನಾಲ್ಕೈದು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ. ನಿಮ್ಮ ನೆರವು ಬೇಕು. ಸ್ವಲ್ಪ ಉದ್ದವಾಗುತ್ತದೆ, ಆದರೆ ಹಿನ್ನೆಲೆ ಹೇಳದಿದ್ದರೆ ಪ್ರಶ್ನೆ ಅರ್ಥವಾಗುವುದಿಲ್ಲ.

ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಡುಲೂತ್ ಊರಿನ ಹೊರಗೆ. ಸುಪೀರಿಯರ್ ಸರೋವರದ ದಂಡೆಯಿಂದ ನೆಲ ಒಮ್ಮೆಲೇ ಏರುವ ಜಾಗ ಇದು. ರಸ್ತೆಯಿಂದ ನಮ್ಮ ಮನೆಗೆ ಇಳಿಜಾರಿನ ಜಲ್ಲಿ ದಾರಿ. ಚಳಿಗಾಲದಲ್ಲಿ ಆ ದಾರಿ ಬಿಡಿಸಿಕೊಳ್ಳುವುದು ನಮ್ಮದೇ ಕೆಲಸ. ಅದಕ್ಕೆ ಒಂದು ಎಟಿವಿ ಇದೆ. ಕೊಡಗು, ಸಕಲೇಶಪುರದ ರೆಸಾರ್ಟುಗಳಲ್ಲಿ ಪ್ರವಾಸಿಗರನ್ನು ಕೂರಿಸಿ ಕೆಸರಲ್ಲಿ ಓಡಿಸುತ್ತಾರಲ್ಲ, ಅದೇ ನಾಲ್ಕು ಗಾಲಿಯ ಬೈಕು. ಇಲ್ಲಿ ಅದು ದುಡಿಯುವ ಗಾಡಿ. ಮುಂದೆ ಕಬ್ಬಿಣದ ಬ್ಲೇಡು ಸಿಕ್ಕಿಸಿ ಹಿಮ ತಳ್ಳುತ್ತೇವೆ. ತಳ್ಳಿದ ಮೇಲೆ ತಳದಲ್ಲಿ ಉಳಿಯುವುದು ಐಸು. ಅದರ ಮೇಲೆ ರಬ್ಬರ್ ಟೈರು ಕಚ್ಚುವುದೇ ಇಲ್ಲ. ಗಾಡಿ ಹಗುರ, ಟೈರು ಅಗಲ, ಒಳಗಿನ ಗಾಳಿ ಬರೀ 5 ಪಿಎಸ್‌ಐ ಆಸುಪಾಸು. ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಇಳಿಜಾರಾದರೆ ತನಗೆ ಬೇಕಾದ ಕಡೆ ಹೋಗುತ್ತದೆ. ಹಾಗಾಗಿ ಟೈರಿಗೆ ಚೈನು ಬೇಕೇ ಬೇಕು.

ಹೋದ ಚಳಿಗಾಲ ಅಪ್ಪ, ಅಮ್ಮ ಬಂದಿದ್ದರು. ಅಪ್ಪ ಹೊಸನಗರದ ಕಡೆಯವರು. ವರ್ಷಗಟ್ಟಲೆ ಜೀಪು ಓಡಿಸಿದವರು. ಎಟಿವಿಯನ್ನು ಒಂದೇ ದಿನದಲ್ಲಿ ಕಲಿತರು. ನಾನು ಕೆಲಸದ ಮೇಲೆ ಮೂರು ದಿನ ಬೇರೆ ಊರಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಒಂದು ಚೀಟಿ ಬರೆದಿಟ್ಟೆ: ‘ಮಂಜು ಬಿದ್ದಿದ್ದರೆ ಹಿಂದಿನ ಎರಡೂ ಗಾಲಿಗೆ ಚೈನ್ ಸುತ್ತಿ, ಆಮೇಲೆ ಇಳಿಜಾರಿಗೆ ಹೋಗಿ.’

ಎರಡನೆಯ ರಾತ್ರಿ ಸಣ್ಣ ಮಳೆ ಬಂತು. ಬಿದ್ದ ಹನಿ ಬಿದ್ದಲ್ಲೇ ಗಟ್ಟಿಯಾಗಿ ದಾರಿಯ ಮೇಲೆ ತೆಳ್ಳಗೆ ಕೂತಿತು. ಬೆಳಗ್ಗೆ ಅಪ್ಪ ನೋಡಿದರೆ ಆಕಾಶ ತಿಳಿಯಾಗಿತ್ತು. ಎದುರಿನ ಗುಡ್ಡ ಚೆನ್ನಾಗಿ ಕಾಣುತ್ತಿತ್ತು. ಮಂಜೇನೂ ಇಲ್ಲ ಅಂದುಕೊಂಡು ಚೈನಿಲ್ಲದೆ ಹೊರಟರು. ಇಳಿಜಾರಿನ ಅರ್ಧದಲ್ಲಿ ಗಾಡಿ ಅಡ್ಡಕ್ಕೆ ತಿರುಗಿ, ಜಾರಿಕೊಂಡು ಚರಂಡಿಗೆ ಇಳಿಯಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ನಾನು ವಾಪಸ್ ಬಂದಾಗ ಅಪ್ಪ ಹೇಳಿದ್ದು ಇಷ್ಟು: “ನೀ ಮಂಜು ಅಂತ ಬರ್ದಿದ್ದೆ ಮಾರಾಯ. ಎದುರು ಕಾಣ್ದಂಗೆ ಕವೀತದಲ್ಲ, ಅದು ಅಂದ್ಕಂಡೆ.”

ಅಪ್ಪನ ಓದು ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಪದ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮಂಜು ಅಂದರೆ ಕಣ್ಣಿಗೆ ಅಡ್ಡ ಬರುವುದು. ಕಾಲಿನ ಕೆಳಗೆ ಜಾರುವುದು ಅಲ್ಲ.

ಅಂದಿನಿಂದ ಈ ಪದವೇ ತಲೆಯಲ್ಲಿ ಕೂತಿದೆ. ಮಂಜು ನಮ್ಮ ಹಳೆಯ ದ್ರಾವಿಡ ಪದ. ತಮಿಳಿನಲ್ಲಿ ಅದರ ನೆಂಟ ಪದಕ್ಕೆ ಮೋಡ ಎಂಬ ಅರ್ಥ ಇದೆ. ಮಲಯಾಳದಲ್ಲಿ ಇಬ್ಬನಿ, ಮುಸುಕು, ಹಿಮ ಎಲ್ಲಕ್ಕೂ ಅದೇ. ನಮ್ಮಲ್ಲೂ ಹಾಗೆಯೇ ಹರಡಿಕೊಂಡಿದೆ. ‘ದಟ್ಟ ಮಂಜು, ವಿಮಾನ ತಡ’ ಅಂತ ಪತ್ರಿಕೆಯ ಒಂದು ಪುಟದಲ್ಲಿ ಓದುತ್ತೇವೆ. ಇನ್ನೊಂದು ಪುಟದಲ್ಲಿ ಕಾಶ್ಮೀರದ ‘ಮಂಜಿನ ಮಳೆ’ ಇರುತ್ತದೆ. ಕವಿತೆಗೆ ಈ ಹರಹು ಚೆಂದ. ಇಳಿಜಾರಿನಲ್ಲಿ ಗಾಡಿ ಇಳಿಸುವವನಿಗೆ ಹಾಕುವ ಸೂಚನೆಗೆ ಅಲ್ಲ. ಅಲ್ವಾ?

ಹಾಗಾಗಿ ಹೊಸ ಚೀಟಿಯಲ್ಲಿ ನಾನು ಮಂಜನ್ನು ಪೂರ್ತಿ ಬಿಟ್ಟಿದ್ದೇನೆ. ಆಕಾಶದಿಂದ ಪುಡಿಯಾಗಿ ಬೀಳುವುದಕ್ಕೆ ‘ಹಿಮ’. ಸಂಸ್ಕೃತದ್ದಾದರೂ ಶಾಲೆ ಓದಿದ ಎಲ್ಲರಿಗೂ ಗೊತ್ತು, ಬೇರೆ ಅರ್ಥದ ಗೊಂದಲ ಇಲ್ಲ. ನೆಲದಲ್ಲಿ ಗಟ್ಟಿಯಾಗಿ ಕೂತದ್ದಕ್ಕೆ ‘ಐಸು’. ‘ಮಂಜುಗಡ್ಡೆ’ ಬರೆಯಬಹುದಿತ್ತು. ಆದರೆ ಅದರೊಳಗೂ ಮಂಜು ಕೂತಿದೆ. ಜೊತೆಗೆ ‘ಗಡ್ಡೆ’ ಅಂದ ಕೂಡಲೇ ಕೈಯಲ್ಲಿ ಹಿಡಿಯುವ ಉಂಡೆ ಕಣ್ಣಿಗೆ ಬರುತ್ತದೆ. ದಾರಿಯ ಮೇಲಿನ ಐಸು ಉಂಡೆಯಲ್ಲ, ಬಳಿದ ಹಾಗೆ ಇರುತ್ತದೆ. ‘ನೀರ್ಗಲ್ಲು’ ಅಂತ ಕೆಲವರು ಬರೆಯುತ್ತಾರೆ. ನನಗೆ ಆ ಪದ ತುಂಬಾ ಇಷ್ಟ. ಕಲ್ಲಿನ ಗಟ್ಟಿತನ ಅದರಲ್ಲಿದೆ. ಆದರೆ ಅಪ್ಪನ ವಯಸ್ಸಿನವರು ಚಳಿಯಲ್ಲಿ ನಿಂತು ಓದುವಾಗ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಮಲ್ಪೆಯ ಮೀನಿನ ಪೆಟ್ಟಿಗೆಯಿಂದ ಹಿಡಿದು ಐಸ್ ಕ್ಯಾಂಡಿಯವರೆಗೆ ಎಲ್ಲರ ಬಾಯಲ್ಲೂ ಇರುವುದು ಐಸು. ಇಲ್ಲಿ ಅದೇ ಸಾಕು.

ನನ್ನ ಮೊದಲ ಪ್ರಶ್ನೆ ಅಪ್ಪನನ್ನು ಬೀಳಿಸಿದ ಆ ತೆಳು ಐಸಿನದು. ಇಂಗ್ಲಿಷಿನವರು ಅದಕ್ಕೆ ಬ್ಲ್ಯಾಕ್ ಐಸ್ ಅನ್ನುತ್ತಾರೆ. ‘ಕಪ್ಪು ಐಸು’ ಅಂತ ಬರೆದರೆ ಓದಿದವರು ಕಪ್ಪಗಿರುವುದನ್ನು ಹುಡುಕುತ್ತಾರೆ. ನಿಜಕ್ಕೂ ಅದಕ್ಕೆ ಬಣ್ಣವೇ ಇಲ್ಲ. ಕೆಳಗಿನ ಡಾಂಬರು ಅದರೊಳಗಿಂದ ಕಾಣುವುದರಿಂದ ಕಪ್ಪು ಅನ್ನಿಸುತ್ತದೆ, ಅಷ್ಟೇ. ನಮ್ಮ ಜಲ್ಲಿ ದಾರಿಯಲ್ಲಿ ಅದು ಬೂದು. ನಾನು ‘ಕಾಣದ ಐಸು’ ಅಂತ ಬರೆದಿದ್ದೇನೆ. ‘ಗಾಜಿನ ಐಸು’ ಅಂತಲೂ ಯೋಚಿಸಿದೆ. ಆದರೆ ಅಲ್ಲಿ ಒಂದು ತೊಡಕು. ಇಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಎಟಿವಿ ಓಡಿಸಿಕೊಂಡು ಮೀನು ಹಿಡಿಯಲು ಹೋಗುತ್ತಾರೆ. ಅಲ್ಲಿ ಗಾಜಿನಂತೆ ತಿಳಿಯಾದ ಐಸೇ ಗಟ್ಟಿ. ನಡೆಯುವುದಕ್ಕೆ ಕನಿಷ್ಠ 4 ಅಂಗುಲ ದಪ್ಪ ಇರಬೇಕು, ಎಟಿವಿಗೆ ಅದಕ್ಕಿಂತ ಜಾಸ್ತಿ ಅನ್ನುತ್ತದೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಹಿಮ ಬೆರೆತು ಬೆಳ್ಳಗಾದ ಐಸಿಗೆ ಅರ್ಧ ಬಲ, ಹಾಗಾಗಿ ದಪ್ಪ ಎರಡರಷ್ಟು ಬೇಕು. ಅಂದರೆ ಕೆರೆಯ ಮೇಲೆ ನಂಬಬಹುದಾದ ಐಸೂ ಗಾಜಿನಂಥದ್ದು, ದಾರಿಯ ಮೇಲೆ ಕೆಡವುವ ಐಸೂ ಗಾಜಿನಂಥದ್ದು. ಒಂದೇ ಹೆಸರು ಎರಡಕ್ಕೂ ಬೇಡ ಅನ್ನಿಸಿತು. ನಿಮಗೆ ಬೇರೆ ಏನಾದರೂ ಹೊಳೆಯುತ್ತದೆಯೇ?

ಅರ್ಧ ಕರಗಿ ನೀರಾಡುವ ಹಿಮಕ್ಕೆ ಮಾತ್ರ ಪದ ತಾನಾಗಿ ಸಿಕ್ಕಿತು. ಅಪ್ಪನೇ ಕೊಟ್ಟರು. ಮಾರ್ಚಿನಲ್ಲಿ ಒಂದು ದಿನ ಬೂಟು ಒದರುತ್ತಾ ಒಳಗೆ ಬಂದು “ಹೊರಗೆ ಪೂರಾ ರಾಡಿ” ಅಂದರು. ಬಿಳಿಯ ರಾಡಿ! ಎಷ್ಟು ಸರಿಯಾದ ಮಾತು ನೋಡಿ. ಕೆಸರಿಗೆ ನಮ್ಮಲ್ಲಿ ಎಷ್ಟೊಂದು ಪದಗಳಿವೆ. ಕೆಸರು, ರಾಡಿ, ಅರಲು, ಕೊಚ್ಚೆ, ಹುದುಲು. ಒಂದೊಂದಕ್ಕೂ ಬೇರೆ ಬೇರೆ ನೀರು, ಬೇರೆ ಆಳ. ಹಿಮಕ್ಕೆ ಪದ ಇಲ್ಲ ಅಂತ ಕೊರಗುವ ಬದಲು ಕೆಸರಿನ ಕಡೆಯಿಂದ ತರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ಚೈನಿನ ವಿಷಯಕ್ಕೂ ಇದೇ ಮಾತು. ಟೈರಿಗೆ ಚೈನು ಹಾಕುವುದು ಕನ್ನಡಕ್ಕೆ ಹೊಸದಲ್ಲ. ಮಲೆನಾಡಿನ ಒಳದಾರಿಗಳಲ್ಲಿ ಮಳೆಗಾಲದಲ್ಲಿ ಜೀಪು, ಪಿಕಪ್‌ಗಳ ಟೈರಿಗೆ ಚೈನು ಹಾಕಿಯೇ ಕೆಸರು ದಾಟಿಸುವುದು. ಗುಲ್ಮಾರ್ಗಿಗೆ ಚಳಿಗಾಲದಲ್ಲಿ ಹೋದವರು ತಂಗ್‌ಮಾರ್ಗಿನಲ್ಲಿ ಚೈನು ಹಾಕಿದ ಟ್ಯಾಕ್ಸಿಗೆ ಬದಲಾಯಿಸಿಕೊಂಡಿರುತ್ತೀರಿ. ಪ್ರಶ್ನೆ ಇರುವುದು ಕ್ರಿಯಾಪದದಲ್ಲಿ.

ನಾನು ‘ಸುತ್ತಿ’ ಅಂತ ಬರೆದಿದ್ದೆ. ಅಪ್ಪನ ಬಾಯಲ್ಲೂ “ಚೈನ್ ಸುತ್ತೋದು” ಅಂತಲೇ ಬರುತ್ತದೆ. ಆದರೆ ನಮ್ಮ ಶೆಡ್ಡಿನಲ್ಲಿದ್ದ ಚೈನನ್ನು ಅವರ ಕೈಗೆ ಕೊಟ್ಟಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ತಿರುಗಿಸಿ ನೋಡಿದರು. ಅದು ಒಂದೇ ಉದ್ದನೆಯ ಸರಪಳಿಯಲ್ಲ. ಎರಡು ಉದ್ದನೆಯ ಸರ, ನಡುವೆ ಅಡ್ಡ ತುಂಡುಗಳು, ಥೇಟ್ ಹಗ್ಗದ ಏಣಿ. ಉದ್ದದ ಸರಗಳು ಟೈರಿನ ಒಳಮೈ, ಹೊರಮೈಯಲ್ಲಿ ಕೂರುತ್ತವೆ. ಅಡ್ಡ ತುಂಡುಗಳು ನೆಲ ಕಚ್ಚುವ ಭಾಗಕ್ಕೆ ಬರುತ್ತವೆ. ಇದನ್ನು ಸುತ್ತಲು ಆಗುವುದಿಲ್ಲ. ಟೈರಿನ ಮೇಲೆ ಹೊದಿಸಿ, ಎರಡೂ ಕಡೆಯ ಕೊಕ್ಕೆ ಸೇರಿಸಿ, ರಬ್ಬರ್ ಪಟ್ಟಿಯಿಂದ ಎಳೆದು ಬಿಗಿಯಬೇಕು.

ಚರಿತ್ರೆಯಲ್ಲೂ ಮೊದಲು ಬಂದದ್ದು ಸುತ್ತುವುದೇ. ನ್ಯೂಯಾರ್ಕ್ ರಾಜ್ಯದ ಕೆನಸ್ಟೋಟ ಊರಿನ ಹ್ಯಾರಿ ವೀಡ್, ಜನ ಕೆಸರು ದಾರಿಯಲ್ಲಿ ಕಾರಿನ ಟೈರಿಗೆ ಹಗ್ಗ, ಬಳ್ಳಿ ಸುತ್ತಿಕೊಳ್ಳುವುದನ್ನು ನೋಡಿ ಚೈನು ಮಾಡಿದ ಅಂತ ಹೇಳುತ್ತಾರೆ. 1904ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ಅವನು ಕೊಟ್ಟ ಹೆಸರು ‘ಗ್ರಿಪ್-ಟ್ರೆಡ್’. ಅಂದರೆ ಅವನು ಹೆಸರಿಸಿದ್ದು ಸರಪಳಿಯನ್ನಲ್ಲ, ಹಿಡಿತವನ್ನು. ಅಲ್ಲಿಯೂ ಶುರುವಾದದ್ದು ಕೆಸರಿನಿಂದಲೇ ಅನ್ನುವುದು ನನಗೆ ಖುಷಿ ಕೊಟ್ಟ ಸಂಗತಿ.

ಹಾಗಾದರೆ ಯಾವ ಕ್ರಿಯಾಪದ? ‘ಹಾಕು’ ಎಲ್ಲಕ್ಕೂ ಒಗ್ಗುತ್ತದೆ, ಆದರೆ ಕೈಗೆ ಏನೂ ಹೇಳುವುದಿಲ್ಲ. ‘ತೊಡಿಸು’ ಚೆನ್ನಾಗಿದೆ, ಬಳೆ ತೊಡಿಸಿದ ಹಾಗೆ. ಆದರೆ ಬಳೆ ಸಡಿಲವಾಗಿ ಆಡಬೇಕು. ಚೈನು ಸಡಿಲವಾದರೆ ಬಿಡಿ ತುದಿ ಬೀಸಿ ಬ್ರೇಕಿನ ಪೈಪಿಗೆ ಹೊಡೆಯುತ್ತದೆ. ನನ್ನ ಒಲವು ‘ಕಟ್ಟು’ ಕಡೆಗೆ. ಎತ್ತಿಗೆ ಲಾಳ ಕಟ್ಟುತ್ತೇವೆ. ಗಾಡಿಯ ಚಕ್ರಕ್ಕೆ ಹಳಿ ಕಟ್ಟುತ್ತೇವೆ. ಕಾಲಿಗೆ ಗೆಜ್ಜೆ ಕಟ್ಟುತ್ತೇವೆ. ಮೂರರಲ್ಲೂ ತಿರುಗುವ, ನಡೆಯುವ ಭಾಗಕ್ಕೆ ಲೋಹ ಅಲುಗದ ಹಾಗೆ ಕೂರಿಸುವ ಕೆಲಸ ಇದೆ. ಲಾಳ ಕಟ್ಟುವುದರ ಉದ್ದೇಶವೂ ಗೊರಸು ಸವೆಯದೆ, ಜಾರದೆ ಇರಲಿ ಅಂತ ತಾನೇ? ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ.

ನಾಮಪದ ‘ಚೈನು’ ಇರಲಿ. ‘ಸರಪಳಿ’ ಅಂದರೆ ಆನೆ, ನಾಯಿ, ಬಾಗಿಲು ನೆನಪಾಗುತ್ತದೆ. ‘ಸಂಕೋಲೆ’ ಅಂದರೆ ಗಾಡಿಯನ್ನು ಕದಲದ ಹಾಗೆ ಬಂಧಿಸಿದಂತೆ, ಪೂರ್ತಿ ಉಲ್ಟಾ. ಆದರೆ ಕೆಲವು ಎಟಿವಿಗಳಲ್ಲಿ ಸೈಕಲ್ಲಿನ ಹಾಗೆ ಗಾಲಿ ತಿರುಗಿಸುವ ಚೈನೂ ಇರುತ್ತದೆ. ಅದಕ್ಕೆ ಪ್ರತಿ ಸಲವೂ ‘ಟೈರ್ ಚೈನು’ ಅಂತ ಪೂರ್ತಿ ಬರೆಯುವುದು ವಾಸಿ.

ಬಗೆಗಳಿಗೆ ನಾನೇ ಇಟ್ಟುಕೊಂಡ ಹೆಸರು ಇವು. ಮೇಲೆ ಹೇಳಿದ್ದು ‘ಏಣಿ ಚೈನು’. ಇನ್ನೊಂದರಲ್ಲಿ ಅಡ್ಡ ತುಂಡುಗಳು ಓರೆಯಾಗಿ ಹೆಣೆದುಕೊಂಡು, ಶಂಕರಪೋಳಿ ಕತ್ತರಿಸಿದ ಹಾಗೆ ಕಾಣುತ್ತವೆ. ಅದು ‘ಬಲೆ ಚೈನು’. ಏಣಿ ಚೈನು ನೇರ ಎಳೆತಕ್ಕೆ, ಹಿಮ ತಳ್ಳುವುದಕ್ಕೆ ಒಳ್ಳೆಯದು. ಅಡ್ಡಕ್ಕೆ ಜಾರುವುದನ್ನು ಬಲೆ ಚೈನು ಚೆನ್ನಾಗಿ ತಡೆಯುತ್ತದೆ, ಓಡಿಸುವಾಗ ಕುಲುಕಾಟವೂ ಕಡಿಮೆ. ಅಡ್ಡ ತುಂಡಿನ ಕೊಂಡಿಗಳ ಮೇಲೆ ‘ವಿ’ ಆಕಾರದ ಉಕ್ಕಿನ ತುಣುಕು ಬೆಸೆದಿದ್ದರೆ ಅದಕ್ಕೆ ‘ಹಲ್ಲು’ ಅಂದಿದ್ದೇನೆ. ಗರಗಸಕ್ಕೆ ಹಲ್ಲು, ಬಾಚಣಿಗೆಗೆ ಹಲ್ಲು, ಚೈನಿಗೂ ಹಲ್ಲು. ಐಸನ್ನು ಕಚ್ಚುವುದು ಅದೇ. ಉದ್ದದ್ದಕ್ಕೆ ‘ಪಕ್ಕದ ಸರ’, ಅಡ್ಡದ್ದಕ್ಕೆ ‘ಅಡ್ಡಸರ’. ಸರ ಅನ್ನುವ ಪದ ಸರಪಳಿಯ ಒಳಗೇ ಇತ್ತಲ್ಲ, ಅಲ್ಲಿಂದ ಬಿಡಿಸಿಕೊಂಡೆ.

ಈಗ ಹೊಸ ಚೀಟಿಯ ಕರಡು. ದಯವಿಟ್ಟು ಗಾಡಿ ಗೊತ್ತಿಲ್ಲದವರೂ ಒಮ್ಮೆ ಓದಿ, ಎಲ್ಲಿ ತಡವರಿಸಿದಿರಿ ಹೇಳಿ.

‘ದಾರಿಯ ಮೇಲೆ ಹಿಮ ಇರಲಿ, ಐಸು ಇರಲಿ, ಏನೂ ಕಾಣದೆ ಬರೀ ಹೊಳೆಯುತ್ತಿರಲಿ, ಹಿಂದಿನ ಎರಡೂ ಗಾಲಿಗೆ ಟೈರ್ ಚೈನು ಕಟ್ಟದೆ ಇಳಿಜಾರಿಗೆ ಹೋಗಬೇಡಿ. ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ. ಚೈನನ್ನು ನೆಲದ ಮೇಲೆ ಹಾಸಿ ಸಿಕ್ಕು ಬಿಡಿಸಿ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಪೂರ್ತಿ ಬೇಡ. ಚೈನನ್ನು ಟೈರಿನ ಮೇಲೆ ಹೊದಿಸಿ. ಅಡ್ಡಸರದ ಕೊಕ್ಕೆಗಳ ಬಾಯಿ ಹೊರಗಡೆ ಇರಬೇಕು, ಟೈರಿನ ಕಡೆ ಇದ್ದರೆ ರಬ್ಬರಿಗೆ ಚುಚ್ಚುತ್ತದೆ. ಮೊದಲು ಒಳಗಡೆಯ ಪಕ್ಕದ ಸರದ ಕೊಕ್ಕೆ ಸೇರಿಸಿ, ಆಮೇಲೆ ಹೊರಗಡೆಯದ್ದು. ಉಳಿದ ಬಿಡಿ ತುದಿಯನ್ನು ಕಟ್ಟಿಬಿಡಿ. ರಬ್ಬರ್ ಪಟ್ಟಿ ಎಳೆದು ಸಿಕ್ಕಿಸಿ. ಈಗ ಟೈರಿಗೆ ಮೊದಲಿನಷ್ಟೇ ಗಾಳಿ ಹೊಡೆಯಿರಿ, ಟೈರು ಉಬ್ಬಿ ಚೈನು ಇನ್ನೂ ಬಿಗಿಯಾಗುತ್ತದೆ. ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನೋಡಿ. ಸಡಿಲವಾಗಿದ್ದರೆ ಮತ್ತೆ ಬಿಗಿಯಿರಿ. ಚೈನು ಕಟ್ಟಿದ ಮೇಲೆ ಜೋರಾಗಿ ಓಡಿಸಬೇಡಿ. ಐಸಿಲ್ಲದ ಕಾಂಕ್ರೀಟಿನ ಮೇಲೆ ಹೋಗಬೇಡಿ, ನೆಲವೂ ಹಾಳು, ಚೈನೂ ಸವೆಯುತ್ತದೆ.’

ಮುಂದಿನ ಗಾಲಿಗಳ ಮಾತು ಚೀಟಿಯಲ್ಲಿ ಬಿಟ್ಟಿದ್ದೇನೆ. ನಾಲ್ಕಕ್ಕೂ ಕಟ್ಟಿದರೆ ಹಿಡಿತ ಜಾಸ್ತಿ, ಅದು ನಿಜ. ಆದರೆ ಮುಂದೆ ಕಟ್ಟುವಾಗ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚೈನು ಬ್ರೇಕ್ ಪೈಪಿಗಾಗಲಿ ಮಡ್ಗಾರ್ಡಿಗಾಗಲಿ ತಾಗುತ್ತದೆಯೇ ಅಂತ ನೋಡಬೇಕು. ಅದನ್ನು ಅಪ್ಪನ ಜೊತೆ ನಿಂತು ಮಾಡಿ ತೋರಿಸುತ್ತೇನೆ.

ನಿಮ್ಮಿಂದ ತಿಳಿಯಬೇಕಿರುವುದು ಇಷ್ಟು. ತೀರ್ಥಹಳ್ಳಿ, ಕೊಪ್ಪ, ಸಕಲೇಶಪುರ, ಕೊಡಗು, ಶಿರಸಿ ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಊರಿನ ಜೀಪು ಓಡಿಸುವವರು ಮಳೆಗಾಲದ ಚೈನಿಗೆ ಯಾವ ಕ್ರಿಯಾಪದ ಬಳಸುತ್ತಾರೆ? ಸುತ್ತುವುದೋ, ಕಟ್ಟುವುದೋ, ಬಿಗಿಯುವುದೋ, ನಾನು ಕೇಳದ ಇನ್ನೊಂದೋ? ಚೈನಿನ ಬಿಡಿ ಭಾಗಗಳಿಗೆ ಅವರ ಹತ್ತಿರ ಹೆಸರಿದೆಯೇ? ಸೇನೆಯಲ್ಲಿದ್ದು ಕಾಶ್ಮೀರ, ಲಡಾಖ್ ಕಡೆ ಗಾಡಿ ಓಡಿಸಿದ ಕನ್ನಡಿಗರು ನಿಮ್ಮ ಪರಿಚಯದಲ್ಲಿದ್ದರೆ ಅವರನ್ನೂ ಕೇಳಿ. ಅವರು ತಮ್ಮತಮ್ಮಲ್ಲಿ ಕಾಣದ ಐಸಿಗೆ ಏನಂತಾರೆ ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಪದ.

ಅಪ್ಪ ಮತ್ತೆ ಬರುವುದು ಜನವರಿಯ ಮೊದಲ ವಾರ. ಅಷ್ಟರೊಳಗೆ ಚೀಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಶೆಡ್ಡಿನ ಬಾಗಿಲಿಗೆ ಅಂಟಿಸಬೇಕು.