ಅಪ್‌ಡೇಟ್: ಪ್ರೈಮರಿ ಕೀ ಇಲ್ಲದ ಟೇಬಲ್‌ನ ರೆಪ್ಲಿಕೇಶನ್ ಈಗ ಸರಿಯಾಗಿದೆ

ಹೋದ ವಾರ ಕೇಳಿದ್ದೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಲಾಜಿಕಲ್ ರೆಪ್ಲಿಕೇಶನ್‌ಗೆ (ಒಂದು ಸರ್ವರ್‌ನ ಬದಲಾವಣೆಗಳನ್ನು ಇನ್ನೊಂದಕ್ಕೆ ಕಳಿಸುವುದು) ಒಂದು ಹಳೆಯ ಬಿಲ್ಲಿಂಗ್ ಟೇಬಲ್ ಸೇರಿಸಿದ ಕೂಡಲೇ ಮೂಲ ಸರ್ವರ್‌ನಲ್ಲೇ ಅಪ್‌ಡೇಟ್, ಡಿಲೀಟ್ ಎರಡೂ ನಿಂತುಹೋದವು. ಇನ್ಸರ್ಟ್ ಮಾತ್ರ ನಡೆಯುತ್ತಿತ್ತು. ಟೇಬಲ್‌ಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಇರಲಿಲ್ಲ.

ನೀವು ಹೇಳಿದಂತೆ ಮೊದಲು ರೆಪ್ಲಿಕಾ ಐಡೆಂಟಿಟಿಯನ್ನು (ಬದಲಾದ ಸಾಲನ್ನು ನಕಲು ಪಡೆಯುವ ಆಚೆ ಸರ್ವರ್ ಯಾವುದರಿಂದ ಗುರುತಿಸಬೇಕು ಎನ್ನುವ ಸೆಟ್ಟಿಂಗ್) 'ಫುಲ್' ಮಾಡಿದೆ. ಎರರ್ ತಕ್ಷಣ ಹೋಯಿತು. ಆದರೆ ಸಂಜೆಯ ಹೊತ್ತಿಗೆ ಆಚೆ ಸರ್ವರ್ ತುಂಬಾ ಹಿಂದೆ ಬಿತ್ತು. ಕಾರಣ ಆಮೇಲೆ ಗೊತ್ತಾಯಿತು. 'ಫುಲ್' ಅಂದರೆ ಹಳೆಯ ಸಾಲು ಪೂರ್ತಿ, ಬದಲಾವಣೆ ಬರೆದಿಡುವ ಲಾಗ್‌ಗೆ ಹೋಗುತ್ತದೆ. ಆಚೆ ಕಡೆ ಆ ಸಾಲನ್ನು ಹುಡುಕಲು ಪ್ರತಿ ಸಲವೂ ಇಡೀ ಟೇಬಲ್ ಓದಬೇಕು. ಒಂದೇ ಅಪ್‌ಡೇಟ್‌ನಲ್ಲಿ ಸಾವಿರ ಸಾಲು ಬದಲಾದರೆ ಸಾವಿರ ಸಲ ಹುಡುಕಾಟ! 2023ರಲ್ಲಿ ಬಂದ 16ನೇ ಆವೃತ್ತಿಯಿಂದ ಆಚೆ ಕಡೆ ಸರಿಯಾದ ಬಿ-ಟ್ರೀ ಇಂಡೆಕ್ಸ್ (ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಇದ್ದರೆ ಅದನ್ನು ಬಳಸಿಕೊಳ್ಳುತ್ತದೆ. ನಮ್ಮದು ಇನ್ನೂ 14.

ಕೊನೆಗೆ ದಾರಿ ಟೇಬಲ್‌ನೊಳಗೇ ಸಿಕ್ಕಿತು. ಬಿಲ್ ನಂಬರ್, ಐಟಂ ಕ್ರಮಸಂಖ್ಯೆ ಎರಡೂ ಸೇರಿದರೆ ಪ್ರತಿ ಸಾಲೂ ಬೇರೆ. ಹನ್ನೊಂದು ಸಾಲು ಮಾತ್ರ ಡಬಲ್ ಆಗಿದ್ದವು. ಅಕೌಂಟ್ಸ್‌ನವರ ಜೊತೆ ಕೂತು ಒಂದೊಂದನ್ನೇ ನೋಡಿ ತೆಗೆದೆವು. ಇಂಥದ್ದನ್ನು ಸುಮ್ನೆ ಸ್ಕ್ರಿಪ್ಟ್ ಹಾಕಿ ಅಳಿಸಬಾರದು, ಅಲ್ವಾ? ಆಮೇಲೆ ಎರಡೂ ಕಾಲಂಗೆ ನಾಟ್ ನಲ್ (ಖಾಲಿ ಬಿಡುವಂತಿಲ್ಲ), ಎರಡೂ ಸರ್ವರ್‌ನಲ್ಲಿ ಯೂನಿಕ್ ಇಂಡೆಕ್ಸ್ (ಒಂದೇ ಜೋಡಿ ಎರಡು ಸಲ ಬರುವಂತಿಲ್ಲ). ರೆಪ್ಲಿಕಾ ಐಡೆಂಟಿಟಿಗೆ ಎರಡೂ ಕಡೆ ಅದೇ ಇಂಡೆಕ್ಸ್ ಕೊಟ್ಟೆ.

ಬಾಕಿ ಉಳಿದದ್ದೆಲ್ಲ ರಾತ್ರಿಯೊಳಗೆ ಹರಿಯಿತು. ಪ್ರೈಮರಿ ಕೀ ಇಲ್ಲದ ಇನ್ನೊಂದು ಟೇಬಲ್, ಅಂದರೆ ನಮ್ಮ ಲಾಗ್ ಟೇಬಲ್, ಹಾಗೇ ಬಿಟ್ಟಿದ್ದೇನೆ, ಅದಕ್ಕೆ ಇನ್ಸರ್ಟ್ ಬಿಟ್ಟರೆ ಬೇರೇನೂ ಆಗುವುದಿಲ್ಲ. ಡಬಲ್ ಸಾಲು ಮೊದಲು ಎಣಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್.