ನಮ್ಮ ಮಳೆಗೆ ಬಾಳುವ ಪಾಕೀಟು ಯಾವುದು? ಅದರಲ್ಲಿ ಏನೇನು ಇಟ್ಟುಕೊಳ್ಳುತ್ತೀರಿ?

ಅಂಕೋಲಾದಿಂದ ಪ್ರಶ್ನೆ

ದಿನಾ ಅಂಕೋಲಾದಿಂದ ಕಾರವಾರಕ್ಕೆ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹೋದ ವರ್ಷ ಅಣ್ಣ ಕೊಡಿಸಿದ ಪಾಕೀಟು ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದು ಬಂತು. ಕಿಸೆ ತುಂಬ ಕಪ್ಪು ಹುಡಿ. ಒತ್ತು ಗುಂಡಿ ತುಕ್ಕು ಹಿಡಿದು ನೂರರ ನೋಟಿನ ಮೇಲೆ ದುಂಡಗೆ ಕಲೆ ಮಾಡಿದೆ. ಹೊಸದು ತೆಗೆದುಕೊಳ್ಳಬೇಕು. ಚರ್ಮದ್ದೋ, ಬಟ್ಟೆಯದ್ದೋ? ನೀವೆಲ್ಲ ಒಳಗೆ ಏನೇನು ಇಟ್ಟುಕೊಳ್ಳುತ್ತೀರಿ? ಫೋನಿನಲ್ಲೇ ದುಡ್ಡು ಕೊಡುವಾಗ ಪಾಕೀಟು ಎಂತಕ್ಕೆ ಎಂದು ಗೆಳೆಯರು ನಗುತ್ತಾರೆ. ನಿಮ್ಮ ಅನುಭವ ಹೇಳಿ.

ಶಿರಸಿಯಿಂದ

ಸಿಪ್ಪೆ ಎದ್ದಿದೆ ಅಂದರೆ ಅದು ಚರ್ಮವೇ ಅಲ್ಲ. ಬಟ್ಟೆಯ ಮೇಲೆ ಬಳಿದ ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಪದರ. ಗಾಳಿಯ ತೇವಕ್ಕೇ ಅದು ಒಡೆಯುತ್ತದೆ. ಬಳಸದೆ ಕಪಾಟಿನಲ್ಲಿ ಇಟ್ಟರೂ ಎದ್ದು ಬರುತ್ತದೆ. ನಮ್ಮ ಕಡೆಯ ಹವೆಯಲ್ಲಂತೂ ಕೇಳುವುದೇ ಬೇಡ. ಇನ್ನೊಂದು ಬಾಂಡೆಡ್ ಲೆದರ್ ಅಂತ ಬರುತ್ತದೆ. ಚರ್ಮದ ಚೂರುಗಳನ್ನು ಅಂಟು ಹಾಕಿ ಹಾಳೆ ಮಾಡಿದ್ದು. ಅದೂ ಸುಮಾರಾಗಿ ಇದೇ ಜಾತಿ. 'ಜೆನ್ಯೂಯಿನ್ ಲೆದರ್' ಅಂತ ಅಚ್ಚು ಒತ್ತಿದ್ದರೆ ಮರುಳಾಗಬೇಡಿ. ಚರ್ಮ ಹೌದು ಅಂತಷ್ಟೇ ಅದು ಹೇಳುತ್ತದೆ, ಎಂಥ ಚರ್ಮ ಅಂತ ಹೇಳುವುದಿಲ್ಲ. ಫುಲ್ ಗ್ರೇನ್ ಅಥವಾ ಟಾಪ್ ಗ್ರೇನ್, ಅಂದರೆ ತೊಗಲಿನ ಗಟ್ಟಿ ಮೇಲ್ಪದರದ್ದು, ಇದೆಯಾ ಕೇಳಿ. ಅಂಗಡಿಯಲ್ಲಿ ಅಂಚು ನೋಡಿ. ಚರ್ಮವಾದರೆ ಸಣ್ಣ ಸಣ್ಣ ನಾರು ಕಾಣುತ್ತದೆ, ಪಿಯು ಆದರೆ ಬಟ್ಟೆಯ ನೇಯ್ಗೆ. ಕಾರ್ಡಿನ ಗೂಡಿನೊಳಗೆ ಬೆರಳು ಹಾಕಿ ನೋಡಿ. ಹೊರಗೆ ಚರ್ಮ, ಒಳಗೆ ತೆಳು ರೆಕ್ಸಿನ್ ಇರುವುದೇ ಜಾಸ್ತಿ. ಮೊದಲು ಹರಿಯುವುದು ಅದೇ.

ಒಳ್ಳೆ ಚರ್ಮಕ್ಕೂ ಇಲ್ಲಿ ಬೂಷ್ಟು ಬರುತ್ತದೆ. ಜುಲೈ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಪಾಕೀಟು ಎಲ್ಲ ಬೆಳ್ಳಗೆ. ಅದಕ್ಕೆ ಹೆದರಬೇಡಿ. ಜಗಲಿಗೆ ತಂದು ಒಣ ಬಟ್ಟೆಯಿಂದ ಒರೆಸಿ, ಬಿಚ್ಚಿಟ್ಟು ಫ್ಯಾನಿನ ಗಾಳಿಗೆ ಬಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಮಾತ್ರ ಬೇಡ, ತೇವ ಒಳಗೇ ಉಳಿಯುತ್ತದೆ. ತೆಂಗಿನೆಣ್ಣೆ ಹಚ್ಚುವುದೂ ಬೇಡ. ಎರಡು ದಿನ ಮಿರಮಿರ ಹೊಳೆದು ಆಮೇಲೆ ಕಮಟು ವಾಸನೆ.

ನಾನು ಮಾಡಿದ ಹುಚ್ಚು ಕೇಳಿ. ಒಂದು ಸಂಜೆ ಪೂರ್ತಿ ನೆನೆದು ಬಂದೆ. ಬೇಗ ಒಣಗಲಿ ಅಂತ ಪಾಕೀಟನ್ನು ಬಚ್ಚಲೊಲೆಯ ದಂಡೆಯ ಮೇಲೆ ಇಟ್ಟೆ. ಹಂಡೆಯ ನೀರು ಕಾದು, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಸುಟ್ಟ ಹಲಸಿನ ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ಬಿಡಿಸಲು ಹೋದರೆ ಮಡಿಕೆಯಲ್ಲೇ ಟಕ್ ಅಂತ ಬಿರಿಯಿತು. ಒಳಗಿದ್ದ ಎಟಿಎಂ ಕಾರ್ಡು ಬಿಲ್ಲಿನ ಹಾಗೆ ಬಾಗಿತ್ತು. ಚರ್ಮ ನೆರಳಿನಲ್ಲಿ, ನಿಧಾನಕ್ಕೆ ಒಣಗಬೇಕು. ಅದರ ನಂತರ ತೆಗೆದುಕೊಂಡ ಪಾಕೀಟಿಗೆ ಈಗ ಏಳನೇ ಮಳೆಗಾಲ.

ತದಡಿಯಿಂದ

ಶಿರಸಿಯವರಿಗೆ ಜಗಲಿ, ಫ್ಯಾನು ಎಲ್ಲ ಇದೆ. ಬೋಟಿನಲ್ಲಿ ಚರ್ಮ ನಡೆಯುವುದಿಲ್ಲ ಮಾರಾಯ್ರೆ. ಉಪ್ಪುನೀರು ತಾಗಿದ ಚರ್ಮ ಎಷ್ಟು ಒಣಗಿಸಿದರೂ ಮತ್ತೆ ಜಿಡ್ಡು. ಮೀನಿನ ವಾಸನೆ ಹೊಕ್ಕಿತೋ, ಮುಗಿಯಿತು. ಒಮ್ಮೆ ನಾನು ಎಣಿಸಿಕೊಟ್ಟ ನೋಟನ್ನು ಬ್ಯಾಂಕಿನ ಹುಡುಗಿ ಎರಡೇ ಬೆರಳಿನಲ್ಲಿ ಹಿಡಿದು ಮೆಷಿನ್ನಿಗೆ ಹಾಕಿದಳು. ಬಂಗುಡೆ ಸೀಸನ್ನು, ಅವಳ ತಪ್ಪಲ್ಲ ಬಿಡಿ.

ನಮ್ಮದು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ, ಮೇಲಿಂದ ಸೈಕಲ್ ಟ್ಯೂಬಿನ ಒಂದು ಪಟ್ಟಿ. ಒಳಗೆ ಮೀನುಗಾರರ ಬಯೋಮೆಟ್ರಿಕ್ ಕಾರ್ಡು, ಫೋನು, ಸ್ವಲ್ಪ ದುಡ್ಡು. 2008ರ ಮುಂಬೈ ದಾಳಿಯ ನಂತರ ಸಮುದ್ರದ ಮೇಲೆ ಗುರುತಿನ ಕಾರ್ಡು ಕೇಳುತ್ತಾರೆ. ಅದೊಂದು ಇಲ್ಲದೆ ಹೊರಡಲಿಕ್ಕಾಗುವುದಿಲ್ಲ. ಪಾಕೀಟು ಮನೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್ ಇರುತ್ತದಲ್ಲ, ಪ್ಯಾಂಟು ಹಾಕಿ ಪಾಕೀಟು ಇಟ್ಟುಕೊಂಡು ತಿರುಗುವುದು ಆಗಲೇ.

ಬೈಕಿನವರು ಚರ್ಮದ್ದೇ ಬೇಕು ಅಂದರೆ ತೆಗೆದುಕೊಳ್ಳಿ, ಆದರೆ ಗುಂಡಿ, ಕಬ್ಬಿಣದ ಜಿಪ್ ಇಲ್ಲದ್ದು ನೋಡಿ. ನಮ್ಮ ಕರಾವಳಿಯ ಗಾಳಿಗೆ ಮೊದಲು ಹೋಗುವುದು ಅದೇ. ಪ್ಲಾಸ್ಟಿಕ್ ಹಲ್ಲಿನ ಜಿಪ್ ಆದರೆ ಅಡ್ಡಿಯಿಲ್ಲ.

ಸಿದ್ದಾಪುರದಿಂದ

ನಾನು ಬಸ್ಸು ಓಡಿಸುವವ. ಎಲ್ಲರೂ ಪಾಕೀಟು ಯಾವುದರದ್ದು ಅಂತ ಹೇಳುತ್ತಿದ್ದೀರಿ, ಇಡುವುದು ಎಲ್ಲಿ ಅಂತ ಯಾರೂ ಹೇಳಲಿಲ್ಲ. ನನಗೆ ಬಲಗಡೆ ಸೊಂಟದಿಂದ ಮೊಣಕಾಲಿನ ಹಿಂದಿನವರೆಗೆ ಸೆಳೆತ ಶುರುವಾಯಿತು. ಸೀಟಿನದ್ದೇ ದೋಷ ಅಂದುಕೊಂಡು ದಿಂಬು ಹಾಕಿದೆ, ಎಣ್ಣೆ ತಿಕ್ಕಿದೆ. ಕಡೆಗೆ ಡಾಕ್ಟರ ಹತ್ತಿರ ಹೋದರೆ, ಕಾಲು ಮುಟ್ಟಿ ನೋಡುವ ಮೊದಲೇ ಅವರು ಕೇಳಿದ್ದು, 'ಪಾಕೀಟು ಯಾವ ಕಿಸೆಯಲ್ಲಿ?'

ಹಿಂದಿನ ಕಿಸೆಯಲ್ಲಿ ದಪ್ಪ ಪಾಕೀಟು ಇಟ್ಟು ಗಂಟೆಗಟ್ಟಲೆ ಕೂತರೆ ಸೊಂಟ ಒಂದು ಕಡೆ ಎತ್ತರವಾಗುತ್ತದೆ. ಕುಂಡೆಯ ಸ್ನಾಯು ಒತ್ತಿ, ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ತೊಂದರೆಯಾಗುತ್ತದೆ ಅಂತ ವಿವರಿಸಿದರು. ಅವರ ಟೇಬಲ್ಲಿನ ಮೇಲೇ ಪಾಕೀಟು ಬಿಚ್ಚಿದೆ. ಮಾರಿಕಾಂಬೆಯ ಕುಂಕುಮದ ಪೊಟ್ಟಣ ಮೂರು. ಒಂದಕ್ಷರವೂ ಉಳಿಯದ ಎಟಿಎಂ ಚೀಟಿ ಹತ್ತು ಹನ್ನೆರಡು. ಮಗಳ ಒಂದನೇ ಕ್ಲಾಸಿನ ಫೋಟೋ, ಅವಳು ಈಗ ಡಿಗ್ರಿ ಓದುತ್ತಿದ್ದಾಳೆ. ಮಾರಿಬಿಟ್ಟ ಬೈಕಿನ ಕೀಲಿ. ಯಾರದ್ದೋ ಫೋನ್ ನಂಬರಿನ ಚೀಟಿ, ಹೆಸರಿಲ್ಲ. ದುಡ್ಡು 140 ರೂಪಾಯಿ. ಡಾಕ್ಟರಿಗೆ ನಗು ತಡೆಯಲಿಲ್ಲ.

ಈಗ ಮುಂದಿನ ಕಿಸೆ. ಸೆಳೆತ ಒಂದೇ ದಿನಕ್ಕೆ ಹೋಗಲಿಲ್ಲ, ವ್ಯಾಯಾಮವನ್ನೂ ಮಾಡಬೇಕಾಯಿತು. ನೀವು ದಿನಾ ಬೈಕಿನಲ್ಲಿ ಅಷ್ಟು ದೂರ ಕೂರುತ್ತೀರಿ. ಈಗಲೇ ರೂಢಿ ಬದಲಿಸಿ.

ಗೋಕರ್ಣದಿಂದ

ಗೆಳೆಯರು ಹೇಳಿದ್ದೇ ಸರಿ. ನಾನು ಪಾಕೀಟು ಬಿಟ್ಟು ಎರಡು ವರ್ಷವಾಯಿತು. ಫೋನಿನ ಕವರಿನ ಹಿಂದೆ ಐನೂರರ ಒಂದು ನೋಟು, ಒಂದು ಕಾರ್ಡು. ಎಳನೀರಿನವರ ಹತ್ತಿರವೂ ಸ್ಕ್ಯಾನ್ ಇದೆ. ಸುಮ್ನೆ ಯಾಕೆ ಹೊರುವುದು?

ಯಲ್ಲಾಪುರದಿಂದ

ಗೋಕರ್ಣದವರು ಒಮ್ಮೆ ರಾತ್ರಿ ಅರಬೈಲ್ ಘಟ್ಟದಲ್ಲಿ ಪಂಕ್ಚರ್ ಆಗಿ ನಿಂತು ನೋಡಬೇಕು. ನಾನು ನಿಂತಿದ್ದೇನೆ. ಲಾರಿಯವರೊಬ್ಬರು ಪುಣ್ಯಕ್ಕೆ ಸಹಾಯ ಮಾಡಿದರು. ದುಡ್ಡು ಕೊಡಲು ಹೋದರೆ ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ಇದ್ದದ್ದು ಐನೂರರ ಒಂದೇ ನೋಟು, ಅವರ ಹತ್ತಿರ ಚಿಲ್ಲರೆ ಇಲ್ಲ. 'ಇರಲಿ ಬಿಡಿ' ಅಂದು ಹೋದರು. ಇವತ್ತಿಗೂ ಆ ಋಣ ಹಾಗೇ ಇದೆ.

ಫೋನು ನೀರಿಗೆ ಬಿದ್ದರೆ ದುಡ್ಡು, ಲೈಸೆನ್ಸು, ಮನೆಯವರ ನಂಬರು ಎಲ್ಲ ಒಟ್ಟಿಗೇ ಹೋಯಿತು, ಅಲ್ವಾ? ನೂರರದ್ದು ನಾಲ್ಕು, ಐವತ್ತರದ್ದು ಎರಡು, ಹತ್ತು ಇಪ್ಪತ್ತು ಒಂದಿಷ್ಟು. ಇಷ್ಟು ಪಾಕೀಟಿನಲ್ಲಿ ಇರಲೇಬೇಕು.

ಹೊನ್ನಾವರದಿಂದ

ಹೆಂಗಸರ ಕಥೆಯೂ ಸ್ವಲ್ಪ ಕೇಳಿ. ನಮ್ಮ ಚೂಡಿದಾರಕ್ಕೆ ಕಿಸೆಯೇ ಇರುವುದಿಲ್ಲ, ಹಾಗಾಗಿ ಸೊಂಟನೋವಿನ ಭಯವಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನು ಪರ್ಸನ್ನೇ ಬದಲಿಸಿದೆ. ಸರ್ಕಾರಿ ಬಸ್ಸಿನಲ್ಲಿ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ಕುಮಟಾದಲ್ಲಿ ಒಮ್ಮೆಲೇ ನಲವತ್ತು ಜನ ಹತ್ತುತ್ತಾರೆ. ಆ ಗದ್ದಲದಲ್ಲಿ ದೊಡ್ಡ ಚೀಲದ ತಳದಿಂದ ಆಧಾರ್ ಹುಡುಕಿ ತೆಗೆಯುವಾಗ ಕಂಡಕ್ಟರ್ ಮುಖ ನೋಡಲಿಕ್ಕಾಗುವುದಿಲ್ಲ. ಈಗ ಕುತ್ತಿಗೆಗೆ ಹಾಕುವ ಸಣ್ಣ ಬಟ್ಟೆಯ ಪರ್ಸು. ಹೊರಗಡೆ ಪಾರದರ್ಶಕ ಗೂಡು, ಅದರಲ್ಲಿ ಆಧಾರ್. ತೆಗೆಯುವುದೇ ಬೇಡ, ಎತ್ತಿ ತೋರಿಸಿದರೆ ಆಯಿತು.

ಬಟ್ಟೆಯ ಪರ್ಸಿನ ಸುಖ ಅಂದರೆ ಒಗೆಯಬಹುದು. ಬೂಷ್ಟು ಬಂತೋ, ಸೋಪು ಹಾಕಿ ತಿಕ್ಕಿ ನೇತುಹಾಕುವುದು. ನಮ್ಮ ಅಜ್ಜಿಯ ಎಲೆಯಡಿಕೆ ಸಂಚಿಯೂ ಹೀಗೇ ಇತ್ತು. ಒಂದು ಗೂಡಿನಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗಿನದರಲ್ಲಿ ದುಡ್ಡು. ಸುಣ್ಣ ತಾಗಿದ ನೋಟು ಬಂದರೆ ಅಂಗಡಿಯವರಿಗೆ ಗೊತ್ತಾಗುತ್ತಿತ್ತು, ಇದು ಯಾರ ಮನೆಯದ್ದು ಅಂತ.

ಬನವಾಸಿಯಿಂದ

ಕಳೆದುಕೊಂಡವನ ಅನುಭವ ಬರೆಯುತ್ತೇನೆ. ಶಿರಸಿ ಜಾತ್ರೆಯಲ್ಲಿ ಪಾಕೀಟು ಹೋಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂತ ಖುಷಿಯಲ್ಲಿ ಹೋದದ್ದು. ತೊಟ್ಟಿಲು ಹತ್ತಿ ಇಳಿದು ನೋಡಿದರೆ ಹಿಂದಿನ ಕಿಸೆ ಖಾಲಿ. ದುಡ್ಡು ಎಂಟುನೂರು, ಅದಕ್ಕೆ ಅಳಲಿಲ್ಲ. ಆಧಾರ್, ಪ್ಯಾನ್, ವೋಟರ್ ಕಾರ್ಡು, ಲೈಸೆನ್ಸು, ಬೈಕಿನ ಆರ್‌ಸಿ, ಮೂರು ಬ್ಯಾಂಕಿನ ಎಟಿಎಂ, ಎಲ್ಲ ಅದರಲ್ಲೇ ಇತ್ತು. ಒಂದೊಂದಕ್ಕೂ ಒಂದೊಂದು ಕಚೇರಿ. ಒಂದು ಕಡೆ ಸರ್ವರ್ ಇಲ್ಲ, ಇನ್ನೊಂದು ಕಡೆ ಸಾಹೇಬರಿಲ್ಲ. ಎಲ್ಲ ವಾಪಸ್ ಕೈಗೆ ಬರುವಷ್ಟರಲ್ಲಿ ಗದ್ದೆ ನೆಟ್ಟಿ ಮುಗಿದಿತ್ತು.

ಈಗ ನನ್ನ ಲೆಕ್ಕ ಒಂದೇ. ಯಾವುದು ಕಳೆದರೆ ಕೆಲಸ ಬಿಟ್ಟು ಓಡಾಡಬೇಕೋ ಅದು ಮನೆಯ ಕಪಾಟಿನಲ್ಲಿ. ಲೈಸೆನ್ಸು, ಆರ್‌ಸಿ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿದೆ, ಪೊಲೀಸರು ಅದನ್ನು ಒಪ್ಪಬೇಕು ಅಂತ ನಿಯಮವೇ ಇದೆ. ಕಾರ್ಡಿನ ಫೋಟೋ ತೆಗೆದಿಟ್ಟುಕೊಂಡರೆ ಮಾತ್ರ ನಡೆಯುವುದಿಲ್ಲ. ಯಲ್ಲಾಪುರದವರು ಹೇಳಿದ ಸಿಗ್ನಲ್ ಭಯಕ್ಕೆ, ಮನೆ ಬಿಡುವ ಮೊದಲೇ ಆ್ಯಪ್ ತೆರೆದು ನೋಡಿಕೊಳ್ಳುತ್ತೇನೆ. ಗೋವಾ ಕಡೆ ಹೋಗುವುದಾದರೆ ಮಾತ್ರ ಅಸಲು ಲೈಸೆನ್ಸು ಜೊತೆಗೆ.

ಕುಮಟಾದಿಂದ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಪಾಕೀಟು ಕಳೆದುಕೊಂಡವರು ಕೌಂಟರಿಗೆ ಬಂದು ಹೇಳುವ ಮೊದಲ ಮಾತು ಯಾವಾಗಲೂ ಒಂದೇ. 'ಪಿನ್ನು ಕಾರ್ಡಿನ ಕವರಿನ ಮೇಲೇ ಬರೆದಿತ್ತು.' ದಯವಿಟ್ಟು ಬರೆಯಬೇಡಿ. ಹುಟ್ಟಿದ ವರ್ಷವನ್ನೇ ಪಿನ್ ಮಾಡಿಯೂ ಇಡಬೇಡಿ. ಪಕ್ಕದ ಗೂಡಿನ ಆಧಾರ್‌ನಲ್ಲಿ ಅದೇ ಅಚ್ಚಾಗಿರುತ್ತದೆ.

ಕಳೆಯಿತು ಅಂತ ಗೊತ್ತಾದ ಕೂಡಲೇ ಕಾರ್ಡು ಬ್ಲಾಕ್ ಮಾಡಿಸಿ. ಮನೆಗೆ ಹೋಗಿ ಹುಡುಕಿ ನೋಡೋಣ ಅಂತ ಕಾಯಬೇಡಿ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ನೀವು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಅದಕ್ಕೆ ಮೊದಲು ನಿಮ್ಮ ಅಜಾಗರೂಕತೆಯಿಂದ ಹೋದದ್ದು ನಿಮ್ಮದೇ. ಬ್ಯಾಂಕಿನ ನಂಬರು ಮನೆಯವರ ಫೋನಿನಲ್ಲೂ ಇರಲಿ. ಕಾಗದಪತ್ರ ಕಳೆದಿದ್ದಕ್ಕೆ ರಾಜ್ಯ ಪೊಲೀಸರ ಇ-ಲಾಸ್ಟ್‌ನಲ್ಲಿ ಮನೆಯಿಂದಲೇ ವರದಿ ಕೊಡಬಹುದು. ಕಳ್ಳತನವಾದರೆ ಠಾಣೆಗೇ ಹೋಗಬೇಕು.

ಆರ್‌ಎಫ್‌ಐಡಿ (ಕಾರ್ಡು ಓದುವ ರೇಡಿಯೋ ಅಲೆ) ತಡೆಯುವ ಪಾಕೀಟು ಅಂತ ನೂರಾರು ರೂಪಾಯಿ ಜಾಸ್ತಿ ಕೇಳುತ್ತಾರೆ. ನನ್ನ ಪ್ರಕಾರ ಬೇಡ. ಪಿನ್ ಇಲ್ಲದೆ ತಾಗಿಸಿ ಕೊಡುವುದಕ್ಕೆ 5,000 ರೂಪಾಯಿಯ ಮಿತಿ ಇದೆ. ಕಾರ್ಡನ್ನು ಯಂತ್ರಕ್ಕೆ ಹೆಚ್ಚುಕಮ್ಮಿ ತಾಗಿಸಿದರೆ ಮಾತ್ರ ಅದು ಓದುತ್ತದೆ. ಆದರೂ ಹೆದರಿಕೆ ಇದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯ ಬಂದ್ ಮಾಡಿ, ಖರ್ಚಿಲ್ಲದೆ ಆಯಿತು.

ಮತ್ತೊಂದು, ಆನ್‌ಲೈನಿನಲ್ಲಿ ತರಿಸುವವರು ಅಳತೆ ನೋಡಿ. ಈಗಿನ ಐನೂರರ ನೋಟು 150 ಮಿ.ಮೀ. ಉದ್ದ, 66 ಅಗಲ. ಹಳೇ ನೂರರ ನೋಟು 157 ಉದ್ದ, 73 ಅಗಲ. ಅದು ಇನ್ನೂ ಚಲಾವಣೆಯಲ್ಲಿದೆ. ತೆಳ್ಳಗಿನ ಫ್ಯಾಷನ್ ಪಾಕೀಟಿನಲ್ಲಿ ಅದರ ತಲೆ ಹೊರಗೆ ಇಣುಕುತ್ತದೆ, ಮಳೆಗೆ ಮೊದಲು ನೆನೆಯುವುದೂ ಅದೇ.

ಮಂಚಿಕೇರಿಯಿಂದ

ನಮ್ಮ ಅಪ್ಪನ ಪಟಾಪಟಿ ಚಡ್ಡಿಯ ಕಿಸೆಗೆ ಯಾವ ಪಾಕೀಟೂ ಸಮ ಅಲ್ಲ. ಅಡಿಕೆ ಮಾರಿದ ದುಡ್ಡು ಅದರಲ್ಲೇ ಮನೆಗೆ ಬರುತ್ತಿತ್ತು. ಮೇಲೆ ಪಂಚೆ, ಕಳ್ಳ ಕೈ ಹಾಕಬೇಕಾದರೆ ಪರಿಚಯವಾದರೂ ಇರಬೇಕು.

ಮತ್ತೆ ಅಂಕೋಲಾದಿಂದ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಹಳೇ ಪಾಕೀಟು ಮಂಚದ ಮೇಲೆ ಸುರಿದೆ. ಸಿದ್ದಾಪುರದವರಷ್ಟು ಅಲ್ಲದಿದ್ದರೂ ನನ್ನದೂ ಸಂತೆಯೇ. ಎರಡು ಕಾರ್ಡು ಅವಧಿ ಮುಗಿದದ್ದು. ಅಜ್ಜಿ ಕೊಟ್ಟ ಒಂದು ರೂಪಾಯಿ ನೋಟು ಒದ್ದೆಯಾಗಿ ಪ್ಲಾಸ್ಟಿಕ್ಕಿಗೆ ಅಂಟಿತ್ತು. ಬಿಡಿಸಿ ಪುಸ್ತಕದೊಳಗೆ ಇಟ್ಟೆ.

ಇವತ್ತು ಕಾರವಾರದಲ್ಲಿ ತೆಗೆದುಕೊಂಡೆ. ಚರ್ಮದ್ದು, ಗುಂಡಿ ಇಲ್ಲ, ಜಿಪ್ ಇಲ್ಲ, ಒಳಗೂ ಚರ್ಮವೇ. ಅಂಗಡಿಯವರ ಎದುರಿಗೇ ಬೆರಳು ಹಾಕಿ ನೋಡಿದೆ, ಅವರಿಗೆ ಸ್ವಲ್ಪ ಸಿಟ್ಟು ಬಂತು. ಒಂದು ಎಟಿಎಂ, ಲೈಸೆನ್ಸು, ಅಮ್ಮನ ನಂಬರಿನ ಚೀಟಿ, ಚಿಲ್ಲರೆ ನೋಟು, ಇಷ್ಟೇ. ಬನವಾಸಿಯವರೇ, ಲೈಸೆನ್ಸು ಬಿಡಲು ಧೈರ್ಯ ಬರಲಿಲ್ಲ. ಮಳೆ ಬಂದಾಗ ತದಡಿಯ ಪ್ಲಾಸ್ಟಿಕ್ ಚೀಲ, ಆಫೀಸಿಗೆ ಬಂದ ಕೂಡಲೇ ಹೊರಗೆ ತೆಗೆಯುವುದು. ಇವತ್ತು ಮುಂದಿನ ಕಿಸೆಯಲ್ಲಿ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಮೂರು ಸಲ ಹಿಂದಿನ ಕಿಸೆ ಮುಟ್ಟಿಕೊಂಡು ಹೆದರಿದೆ.