ತಿಥಿ ದಿನ ಎಐ ತಾತ ಬೇಡ ಅಂದಿದ್ದಕ್ಕೆ ನಾನು ಗೊಡ್ಡು ಸಂಪ್ರದಾಯಸ್ಥನಂತೆ

ತುಂಗಾತೀರ:
ಹೋದ ವಾರ ತಾತನ ತಿಥಿ ಇತ್ತು. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ತಾತನ ಹಳೇ ವಾಟ್ಸಾಪ್ ವಾಯ್ಸ್ ಮೆಸೇಜೆಲ್ಲ ಯಾವ್ದೋ ಎಐಗೆ ತುಂಬಿಸಿ, ಊಟ ಆಗಿ ಎಲ್ರೂ ಎಲೆ ಅಡಿಕೆ ಹಾಕ್ತಾ ಕೂತಿದ್ದಾಗ ಫೋನಿಂದ ತಾತನ ದನೀಲೇ "ವಡೆ ಹೆಂಗಿತ್ರೋ" ಅಂತ ಕೇಳಿಸ್ಬಿಟ್ಟ. ಅರ್ಧ ಜನ ನಕ್ರು, ಅಜ್ಜಿ ಎದ್ದು ಒಳಗೋದ್ರು. ವರ್ಷಕ್ಕೊಂದ್ಸಲ ಕರ್ದು, ಪಿಂಡ ಇಟ್ಟು, ವಿಸರ್ಜನೆ ಮಾಡಿ ಕಳಿಸೋದು ಕ್ರಮ ಕಣೋ, ಕಳಿಸಿದೋರನ್ನ ಮತ್ತೆ ಚಾರ್ಜರ್ ಹಾಕಿ ಕೂರಿಸ್ತೀಯಾ ಅಂದೆ. ಅಷ್ಟಕ್ಕೇ "ನಿಮ್ಮಂಥ ಕನ್ಸರ್ವೇಟಿವ್‌ಗಳಿಗೆ ಹಾಸ್ಯನೂ ಆಗಲ್ಲ, ಫ್ಯೂಚರೂ ಆಗಲ್ಲ" ಅಂದ. ನಾನು ಸಂಧ್ಯಾವಂದನೆನೂ ಮಾಡ್ತೀನಿ, ಸೊಪ್ಪಿನವಳಿಗೆ ಯುಪಿಐನೂ ಮಾಡ್ತೀನಿ. ಸ್ವಲ್ಪ ನಿಧಾನ ಮಾಡ್ರಪ್ಪಾ ಅನ್ನೋ ರಾಜಕೀಯ ನಮ್ ದೇಶದಲ್ಲಿ ಯಾವತ್ತಾದ್ರೂ ಮರ್ಯಾದೆಯಾಗಿ ಇತ್ತಾ, ಇಲ್ಲ ಇದು ಬರೀ ಬೈಗುಳನಾ?

ಹಳೇ ರೇಡಿಯೋ:
ಇತ್ತು ಸಾರ್. 1959ರಲ್ಲಿ ರಾಜಾಜಿ, ಅಂದ್ರೆ ಸಿ. ರಾಜಗೋಪಾಲಾಚಾರಿ, 80ನೇ ವಯಸ್ಸಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ರು, ಕಾಂಗ್ರೆಸ್ ಗಾಡಿಗೆ ಆಕ್ಸಿಲರೇಟರ್ ಇದೆ ಬ್ರೇಕ್ ಇಲ್ಲ ಅನ್ನೋದು ಅವರ ವಾದ. ಏನ್ ಉದ್ಯಮ ಮಾಡೋಕೂ ಸರ್ಕಾರದ ಪರ್ಮಿಷನ್ ಬೇಕು ಅನ್ನೋ ವ್ಯವಸ್ಥೆಗೆ ಲೈಸೆನ್ಸ್ ಪರ್ಮಿಟ್ ರಾಜ್ ಅನ್ನೋ ಮಾತು ಬಂದಿದ್ದೂ ಅವರಿಂದಾನೇ. 1967ರಲ್ಲಿ ಲೋಕಸಭೇಲಿ 44 ಸೀಟು, ಉಡುಪಿಯಿಂದ ಲೋಬೋ ಪ್ರಭು ಗೆದ್ದಿದ್ದೂ ಅದೇ ಪಾರ್ಟಿಯಿಂದ. ನಿಮ್ ಟೆಕ್ನಾಲಜಿ ಪ್ರಶ್ನೆಗೆ ಹತ್ರ ಆಗೋದು ಅಂದ್ರೆ 1962. ಅಣು ಪರೀಕ್ಷೆ ನಿಲ್ಸಿ ಅಂತ ಕೇಳೋಕೆ ಈ ಮುದುಕ್ರು ಸೀದಾ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿನ ಭೇಟಿ ಮಾಡಿದ್ರು, ಜೊತೆಗೆ ನಮ್ ಧಾರವಾಡದ ಗಾಂಧಿವಾದಿ ಆರ್.ಆರ್. ದಿವಾಕರ್. ದೇವ್ರು ದಿಂಡ್ರು ಅನ್ನೋ ಮನುಷ್ಯ, ರಾಮಾಯಣ ಮಹಾಭಾರತ ಬರೆದೋರು, ಆವತ್ತಿನ ಫ್ಯೂಚರ್ ಟೆಕ್ನಾಲಜಿಗೆ ಬ್ರೇಕ್ ಕೇಳಿದ್ದು.
ಹಾಸ್ಯ ಇಲ್ಲ ಅಂದ್ನಾ ನಿಮ್ ತಮ್ಮ? ಅದೇ ಪಾರ್ಟಿಯ ಪೀಲೂ ಮೋದಿ, ವಿರೋಧ ಪಕ್ಷದೋರನ್ನೆಲ್ಲ ಸಿಐಎ (ಅಮೆರಿಕದ ಗೂಢಚಾರ ಸಂಸ್ಥೆ) ಏಜೆಂಟ್ ಅಂತ ಬೈತಿದ್ದ ಕಾಲದಲ್ಲಿ "ನಾನು ಸಿಐಎ ಏಜೆಂಟ್" ಅಂತ ಬೋರ್ಡ್ ಕತ್ತಿಗೆ ಹಾಕ್ಕೊಂಡೇ ಪಾರ್ಲಿಮೆಂಟಿಗೆ ಬಂದ್ರು.

ಕೋಟೆ ಹುಡುಗಿ:
ಎಲ್ಲ ಚೆನ್ನಾಗಿದೆ ರೇಡಿಯೋ ಸಾರ್, 1953 ಯಾಕೆ ಬಿಟ್ರಿ? ಇದೇ ರಾಜಾಜಿ ಮದ್ರಾಸಲ್ಲಿ ಮುಖ್ಯಮಂತ್ರಿ ಆಗಿದ್ದಾಗ ಮಕ್ಕಳು ಅರ್ಧ ದಿನ ಸ್ಕೂಲು, ಉಳಿದ ಹೊತ್ತು ಅಪ್ಪನ ಕಸುಬು ಕಲೀಲಿ ಅಂತ ಸ್ಕೀಮ್ ತಂದ್ರು. ಕುಂಬಾರನ ಮಗ ಮಡಕೆ ಮಾಡ್ಲಿ ಅಂತಾನೇ ಜನಕ್ಕೆ ಕೇಳಿಸಿದ್ದು, ಗಲಾಟೆ ಆಗಿ 1954ರಲ್ಲಿ ಖುರ್ಚಿ ಹೋಯ್ತು, ಅವರ ಜಾಗಕ್ಕೆ ಮುಖ್ಯಮಂತ್ರಿಯಾಗಿ ಕಾಮರಾಜ್ ಬಂದು ಸ್ಕೀಮನ್ನ ಕಿತ್ತಾಕಿದ್ರು. ಬ್ರೇಕ್ ಬೇಕು ಅನ್ನೋರು ಗಾಡಿ ಒಳಗೆ ಕೂತಾಗಿರುತ್ತೆ, ಸ್ಟಾಪಲ್ಲಿ ಕಾಯ್ತಿರೋರನ್ನ ಒಂದ್ಸಲ ಕೇಳಿ.

ಹಳೇ ರೇಡಿಯೋ:
ಒಪ್ಪಿದೆ ತಾಯಿ, ಅದು ತಪ್ಪೇ. ಆದ್ರೆ 1939ರಲ್ಲಿ ಮಧುರೆ ಮೀನಾಕ್ಷಿ ಗುಡಿಗೆ ದಲಿತರು ಹೋದಾಗ ಕರ್ಕೊಂಡು ಹೋದೋರ ಮೇಲೆ ಕೇಸ್ ಆಗ್ದಂಗೆ ಕಾನೂನು ತಂದಿದ್ದೂ ಅದೇ ಮನುಷ್ಯ. ಒಂದೇ ತಲೇಲಿ ಎರಡೂ ಇತ್ತು, ಏನ್ ಮಾಡೋಣ.

ನಂಜನಗೂಡು ಬಾಳೆ:
ರಾಜಾಜಿ ಬಿಡ್ರಪ್ಪಾ, ಆನೆ ನೋಡಿ. ತ್ರಿಶೂರ್ ಹತ್ರ ಒಂದ್ ದೇವಸ್ಥಾನ 2023ರಲ್ಲಿ ಮೆಕ್ಯಾನಿಕಲ್ ಆನೆ ಇಟ್ಕೊಂಡ್ತು, ನಮ್ ಸುತ್ತೂರು ಮಠಕ್ಕೂ 2024ರಲ್ಲಿ ಒಂದು ಬಂತು, ಹೆಸರು ಶಿವ. ನಮ್ಮಪ್ಪ ಇನ್ಮೇಲೆ ಆನೆಗೆ ಬೆಲ್ಲ ಬೇಡ, ಗ್ರೀಸ್ ಸಾಕು ಅಂತ ನಕ್ಕಿದ್ರು. ಆಮೇಲೆ ಅವರೇ, ಸರಪಳಿ ಹಾಕಿ ಬಿಸ್ಲಲ್ಲಿ ನಿಲ್ಸೋದಕ್ಕಿಂತ ವಾಸಿ ಬಿಡು ಅಂದ್ರು. ಮಠದೋರು ಒಪ್ಕೊಂಡ್ರೆ ಟೆಕ್ನಾಲಜಿ ಬೇಗ ಮಡಿ ಆಗುತ್ತೆ, ನಗಾರಿ ಜಾಗಟೆ ಬಾರ್ಸೋ ಕರೆಂಟ್ ಮಿಷಿನ್ ಬಂದಾಗ ಯಾರೂ ತಕರಾರು ಮಾಡ್ಲಿಲ್ಲ, ನನಗಂತೂ ಆ ಸದ್ದು ಇವತ್ತಿಗೂ ಆಗಲ್ಲ.

ತುಂಗಾತೀರ:
ಕೋಟೆ ಹುಡುಗಿ ಹೇಳಿದ್ದು ತಾಗ್ತು. ತಿಥಿ ದಿನ ನಾನೂ ಅಜ್ಜಿನ ಕೇಳಿರ್ಲಿಲ್ಲ, ನನ್ ವಾದ ನಾನು ಮಾಡ್ತಿದ್ದೆ ಅಷ್ಟೆ. ನಿನ್ನೆ ಕೇಳ್ದೆ. ಆಗ್ಲೇ ಅವರು ತಮ್ಮನಿಗೆ ಫೋನ್ ಮಾಡಿ "ಅದರಲ್ಲಿ ನಿಮ್ ತಾತ ನನ್ನ ಬೈತಾರೇನೋ" ಅಂತ ವಿಚಾರ್ಸಿದ್ರಂತೆ. ಇಲ್ಲ ಅಜ್ಜಿ, ಬೈಯೋದೆಲ್ಲ ತೆಗ್ದಿದೀನಿ ಅಂದನಂತೆ. "ಹಂಗಾದ್ರೆ ಅದು ಅವರಲ್ಲ, ಯಾರ್ದೋ ದನಿ, ಅಳಿಸ್ಬಿಡು" ಅಂದ್ರಂತೆ.